ಲೈಸೆನ್ಸ್ ಇರುವುದು ಎಬಿಸಿಗಲ್ಲ, ಊರೂರಿನ ಸ್ಟೇಷನ್ನಿಗೆ

2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟಿವಿ ನೆಟ್‌ವರ್ಕ್ ಎಬಿಸಿಯಲ್ಲಿ ಹಾಸ್ಯಗಾರ ಜಿಮ್ಮಿ ಕಿಮ್ಮೆಲ್ ಶೋ ಕೆಲದಿನ ನಿಂತದ್ದು ಕನ್ಸರ್ವೇಟಿವ್‌ಗಳ (ಬಲಪಂಥೀಯರ) ಗೆಲುವು ಅಂತ ನಾನು ಓದಿದ ಒಂದು ಲೇಖನದಲ್ಲಿದೆ. ಅದೇ ಪಕ್ಷದ ಪರ ನಿಂತು ಹೇಳುತ್ತೇನೆ, ಇದು ಗೆಲುವಲ್ಲ. ಕನ್ಸರ್ವೇಟಿವ್ ನಾಯಕ ಚಾರ್ಲಿ ಕರ್ಕ್ ಹತ್ಯೆಯ ಬಗ್ಗೆ ಕಿಮ್ಮೆಲ್ ಆಡಿದ ಮಾತು ಕೀಳಾಗಿತ್ತು, ಅದು ಬೇರೆ ವಿಷಯ.

ಎಫ್‌ಸಿಸಿ (ಅಮೆರಿಕದ ರೇಡಿಯೋ, ಟಿವಿ ನಿಯಂತ್ರಣ ಸಂಸ್ಥೆ) ಎಬಿಸಿಯ ಲೈಸೆನ್ಸ್ ಕಿತ್ತುಕೊಳ್ಳಬಹುದಿತ್ತು ಎಂಬ ಆ ಲೇಖನದ ಮಾತೂ ತಪ್ಪು. ನೆಟ್‌ವರ್ಕ್‌ಗೆ ಲೈಸೆನ್ಸೇ ಇರುವುದಿಲ್ಲ. ಅದು ಒಂದೊಂದು ಸ್ಟೇಷನ್ನಿಗೆ, 8 ವರ್ಷದ ಅವಧಿಗೆ. 1934ರ ಕಮ್ಯುನಿಕೇಷನ್ಸ್ ಕಾಯ್ದೆಯ 326ನೇ ಸೆಕ್ಷನ್ ಪ್ರಕಾರ ಎಫ್‌ಸಿಸಿಗೆ ಸೆನ್ಸಾರ್ ಮಾಡುವ ಅಧಿಕಾರವಿಲ್ಲ. ಒತ್ತಡ ಬೀಳುವುದು ಕಂಪನಿಗಳ ವಿಲೀನಕ್ಕೆ ಎಫ್‌ಸಿಸಿ ಕೊಡಬೇಕಾದ ಅನುಮತಿಯ ದಾರಿಯಲ್ಲಿ. ಬಹಳಷ್ಟು ಎಬಿಸಿ ಸ್ಟೇಷನ್‌ಗಳ ಒಡೆತನವಿರುವ ನೆಕ್ಸ್‌ಸ್ಟಾರ್ ಆಗ ಟಿವಿ ಸ್ಟೇಷನ್‌ಗಳ ಇನ್ನೊಂದು ಒಡೆಯ ಟೆಗ್ನಾ ಕಂಪನಿಯನ್ನು 620 ಕೋಟಿ ಡಾಲರಿಗೆ ಕೊಳ್ಳಲು ಹೊರಟಿತ್ತು. ಒಂದೇ ಕಂಪನಿಯ ಸ್ಟೇಷನ್‌ಗಳ ವ್ಯಾಪ್ತಿ ದೇಶದ 39% ಟಿವಿ ಮನೆಗಳನ್ನು ಮೀರಬಾರದೆಂಬ ಮಿತಿ ಅದಕ್ಕೆ ಅಡ್ಡವಿತ್ತು. ಎಫ್‌ಸಿಸಿ ಅಧ್ಯಕ್ಷ ಬ್ರೆಂಡನ್ ಕಾರ್ ಕಿಮ್ಮೆಲ್ ಮಾತಿನ ಬಗ್ಗೆ ಪಾಡ್‌ಕಾಸ್ಟ್ ಒಂದರಲ್ಲಿ ಗದರಿದ ದಿನವೇ ನೆಕ್ಸ್‌ಸ್ಟಾರ್ ತನ್ನ ಸ್ಟೇಷನ್‌ಗಳಿಂದ ಶೋ ತೆಗೆಯಿತು. ಎಫ್‌ಸಿಸಿ ಜತೆ ಮಾತಾಡಿಲ್ಲ ಎಂದು ಕಂಪನಿ ಹೇಳಿತು. ಹಾಗಿದ್ದರೂ ಅನುಮತಿ ಕೊಡುವವರು ಹೀಗೆ ಬಾಯಿಬಿಡಲೇಬಾರದು.

ರಿಪಬ್ಲಿಕನ್ ಅಧ್ಯಕ್ಷ ರೇಗನ್ ಕಾಲದಲ್ಲಿ, 1987ರಲ್ಲಿ, ಎಫ್‌ಸಿಸಿ ಫೇರ್‌ನೆಸ್ ಡಾಕ್ಟ್ರಿನ್ ಕೈಬಿಟ್ಟಿತು. ವಿವಾದದ ವಿಷಯ ಬಂದರೆ ಎದುರು ವಾದಕ್ಕೂ ಜಾಗ ಕೊಡಬೇಕೆಂಬ ನಿಯಮ ಅದು. ಮರುವರ್ಷವೇ ಕನ್ಸರ್ವೇಟಿವ್ ಮಾತುಗಾರ ರಶ್ ಲಿಂಬಾ ದೇಶಾದ್ಯಂತ ರೇಡಿಯೋಗೆ ಬಂದರು. ಕನ್ಸರ್ವೇಟಿವ್ ಟಾಕ್ ರೇಡಿಯೋ ಬೆಳೆದದ್ದೇ ಸರ್ಕಾರ ಸ್ಟುಡಿಯೋದಿಂದ ಹೊರನಡೆದ ಮೇಲೆ! ರಿಪಬ್ಲಿಕನ್ ಸೆನೆಟರ್ ಟೆಡ್ ಕ್ರೂಜ್ ತಮ್ಮದೇ ಪಕ್ಷದ ಕಾರ್ ಅವರನ್ನು ಬಹಿರಂಗವಾಗಿ ಟೀಕಿಸಿದ್ದೂ ಇದಕ್ಕೇ: ನಾಳೆ ಡೆಮಾಕ್ರಾಟರು ಬಂದರೆ ಅದೇ ಅಸ್ತ್ರ ನಮ್ಮ ಮೇಲೆ ತಿರುಗುತ್ತದೆ.

ಶೋ ಹಿಡಿಸದಿದ್ದರೆ ಅಮೆರಿಕದಲ್ಲಿರುವವರು ತಮ್ಮೂರಿನ ಸ್ಟೇಷನ್ನಿಗೆ, ಅಲ್ಲಿ ಜಾಹೀರಾತು ಕೊಡುವವರಿಗೆ ಬರೆಯಲಿ.