ಕುಂಭಕರ್ಣನ ಮೂಗಿಗೆ ಕೊಳವೆ

ನನ್ನ ಗೊರಕೆಯ ಬಗ್ಗೆ ಹೆಂಡತಿ ಇಪ್ಪತ್ತೆರಡು ವರ್ಷದಿಂದ ದೂರುತ್ತಿದ್ದಳು, ನಾನು ಇಪ್ಪತ್ತೆರಡು ವರ್ಷದಿಂದ ಸಾಕ್ಷಿ ಕೇಳುತ್ತಿದ್ದೆ. ಒಂದು ಬೆಳಿಗ್ಗೆ ಕಾಫಿಯ ಜೊತೆ ಮೊಬೈಲನ್ನೂ ತಂದಿಟ್ಟಳು. ಕೇಳಿದರೆ ಥೇಟ್ ನಮ್ಮೂರಿನ ಹಿಟ್ಟಿನ ಗಿರಣಿ! "ಅದಿರಲಿ, ಮುಂದೆ ಕೇಳಿ" ಎಂದಳು. ಕರೆಂಟು ಹೋದಂತೆ ಗಿರಣಿ ಥಟ್ಟನೆ ನಿಂತಿತು. ಲೋಟ ಹಿಡಿದುಕೊಂಡೇ ಕಾದೆ. ಆಮೇಲೆ, ಬಾವಿಯಲ್ಲಿ ಮುಳುಗಿದವನು ಮೇಲೆದ್ದಂತೆ ಒಂದು ದೊಡ್ಡ ಉಸಿರು, ಮತ್ತೆ ಗಿರಣಿ.

"ಗೊರಕೆ ಅಭ್ಯಾಸವಾಗಿದೆ. ಅದು ನಿಂತಾಗಲೇ ಭಯ. ಎದ್ದು ಕುಳಿತು ಎಣಿಸುತ್ತೇನೆ. ನಿನ್ನೆ ಇಪ್ಪತ್ತೇಳರವರೆಗೆ ಹೋಯಿತು." ಬಿ.ಕಾಂ. ಓದಿದವಳು, ಲೆಕ್ಕ ತಪ್ಪುವವಳಲ್ಲ.

ವೈದ್ಯರು ಮೊದಲು ದರ್ಜಿಯಂತೆ ಟೇಪು ಹಿಡಿದು ಕುತ್ತಿಗೆ ಅಳೆದರು. 43 ಸೆಂಟಿಮೀಟರ್. ನಂತರ ಎಂಟು ಪ್ರಶ್ನೆಗಳು: ಓದುವಾಗ, ಟಿವಿ ನೋಡುವಾಗ ಎಷ್ಟು ತೂಕಡಿಕೆ? ಸೊನ್ನೆಯಿಂದ ಮೂರರೊಳಗೆ ಅಂಕ. ಮಧ್ಯಾಹ್ನ ಊಟ ಮಾಡಿ ಸುಮ್ಮನೆ ಕುಳಿತಾಗ? ಮುದ್ದೆ ಉಂಡವನನ್ನು ಹೀಗೆ ಕೇಳುವುದೇ ತಪ್ಪು. ಹತ್ತು ದಾಟಿದರೆ ಅನುಮಾನವಂತೆ. ನನಗೆ 24ಕ್ಕೆ 17 ಬಂತು. ಎಸ್ಸೆಸ್ಸೆಲ್ಸಿ ಗಣಿತದಲ್ಲೂ ಇಷ್ಟು ಶೇಕಡಾ ಬಂದಿರಲಿಲ್ಲ.

ನಿದ್ರಾ ಪರೀಕ್ಷೆಯ ರಾತ್ರಿ ತಲೆ, ಎದೆ, ಕಾಲಿಗೆಲ್ಲ ವೈರು ಅಂಟಿಸಿ, ಬೆರಳಿಗೆ ಕ್ಲಿಪ್ಪು ಕಚ್ಚಿಸಿ, "ಎಂದಿನಂತೆ ಮಲಗಿ ಸರ್" ಎಂದು ಹುಡುಗ ದೀಪ ಆರಿಸಿದ. ಬಸ್ಸಿನಲ್ಲಿ, ಕಚೇರಿಯ ಸಭೆಯಲ್ಲಿ, ಮಾವನವರ ಮಾತಿನ ನಡುವೆ ಕರೆಯದೆ ಬರುವ ನಿದ್ದೆ ಅಂದು ಒಂದೂವರೆಯಾದರೂ ಸುಳಿಯಲಿಲ್ಲ. ಆಮೇಲೆ ಬಂದಷ್ಟರಲ್ಲೇ ಗಂಟೆಗೆ 38 ಸಲ ಉಸಿರು ನಿಂತಿತ್ತು ಇಲ್ಲವೇ ಕುಗ್ಗಿತ್ತು. ಈ ಕಾಯಿಲೆಯ ಹೆಸರು ಸ್ಲೀಪ್ ಆಪ್ನಿಯಾ, ಮೂವತ್ತು ಮುಟ್ಟಿದರೇ ತೀವ್ರ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ, ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ. ಅಂದರೆ ನಾನು ಕುಂಭಕರ್ಣನೆಂಬ ಬಿರುದು ಹೊತ್ತು ರಾತ್ರಿಯಿಡೀ ಜಾಗರಣೆ ಮಾಡುತ್ತಿದ್ದೆ!

ಸಿ-ಪ್ಯಾಪ್ ಯಂತ್ರ ಮನೆಗೆ ಬಂತು. ಮುಖವಾಡದ ಮೂಲಕ ಗಾಳಿ ಒತ್ತಿ ಗಂಟಲನ್ನು ತೆರೆದಿಡುವ ಈ ಉಪಾಯವನ್ನು ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಜಗತ್ತಿಗೆ ತಿಳಿಸಿದರು. ಅವರು ನನ್ನ ಮೀಸೆಯನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. ಮೊದಲ ರಾತ್ರಿ ಅದರ ಸಂದಿನಿಂದ ಗಾಳಿ ಸೋರಿ ಕುಕ್ಕರಿನಂತೆ ಕೂಗಿತು. ಹೆಂಡತಿ ಅದನ್ನೂ ಎಣಿಸಿದಳು. ಬೆಳಿಗ್ಗೆ ಮೀಸೆ ಹೋಯಿತು, ರಾತ್ರಿ ಇಬ್ಬರಿಗೂ ನಿದ್ದೆ ಬಂತು.

ಯಂತ್ರದ ತೇವದ ಡಬ್ಬಿಗೆ ನಲ್ಲಿ ನೀರು ಸಲ್ಲದು, ಡಿಸ್ಟಿಲ್ಡ್ ವಾಟರ್ ಬೇಕು. ಔಷಧಿ ಅಂಗಡಿಯಲ್ಲಿ ಮುಗಿದಿತ್ತು. ಪಕ್ಕದ ಬ್ಯಾಟರಿ ಅಂಗಡಿಯಲ್ಲಿ ವಿಚಾರಿಸಿದೆ.

"ಕಾರಿಗಾ, ಇನ್ವರ್ಟರಿಗಾ?"

"ಐವತ್ತೊಂದು ವರ್ಷದ ಹಳೆಯದು" ಎಂದೆ.

"ಎಷ್ಟು ದಿನಕ್ಕೊಮ್ಮೆ ನೀರು ಹಾಕುತ್ತೀರಿ?"

"ದಿನಾ ರಾತ್ರಿ."

ಆತ ಕ್ಯಾನು ಕೆಳಗಿಟ್ಟ. "ಸುಮ್ಮನೆ ದುಡ್ಡು ದಂಡ ಸರ್. ಹಳೆಯದನ್ನು ತಂದುಕೊಡಿ, ಎಕ್ಸ್‌ಚೇಂಜಿನಲ್ಲಿ ಹೊಸದು ಹಾಕಿಕೊಡುತ್ತೇನೆ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಎಷ್ಟು ಕೊಡುತ್ತಾನಂತೆ?" ಎಂದಳು.