ಭಜನಿ ಒಂಬತ್ತಕ್ಕಲ್ಲ, ಏಳಕ್ಕ ಬೇಕು

ಪುಣೆಯ ವ್ಯಸನಮುಕ್ತಿ ಕೇಂದ್ರವೊಂದರಲ್ಲಿದ್ದ ಸೋದರಮಾವನ ಮಗನನ್ನು ನೋಡಲು ಹೋದಾಗ, ಮೂಲೆ ಹಿಡಿದು ಕೂತಿರುತ್ತಾನೆ ಅಂದುಕೊಂಡಿದ್ದೆ. ಅವನು ಹತ್ತಾರು ಜನರ ನಡುವೆ ಢೋಲಕಿ ಬಾರಿಸುತ್ತಿದ್ದ. "ಯಣ್ಣಾ, ಸಂಜೀ ಏಳಾತಂದ್ರ ಕಾಲು ತಾವ ಅಂಗಡಿ ಕಡೆ ಹೊಂಡತಿದ್ವು. ಈಗ ಆ ಹೊತ್ತಿಗೆ ಕೈಯಾಗ ಇದು ಇರತೈತಿ" ಅಂದ.

ಮುಧೋಳ ತಾಲೂಕಿನ ನಮ್ಮೂರಲ್ಲಿ ಅವನ ಕೈಗೆ ಯಾರೂ ತಾಳ ಕೊಟ್ಟಿರಲಿಲ್ಲ. ಮಠದಲ್ಲಿ ಸೋಮವಾರದ ಭಜನಿ ಇದೆ, ಹಾರ್ಮೋನಿಯಂ ಇದೆ, ದಮ್ಮಡಿ ಇದೆ, ಬೆಳಗಿನ ತನಕ ತತ್ವಪದ ಹಾಡಬಲ್ಲ ಹಿರಿಯರಿದ್ದಾರೆ. ಆದರೆ ಶುರುವಾಗುವುದು ಊಟ ಮುಗಿದ ಮೇಲೆ, ಒಂಬತ್ತಕ್ಕೆ. ಅಷ್ಟರಲ್ಲಿ ಕುಡಿಯುವವನು ಕುಡಿದಾಗಿರುತ್ತದೆ. ಕುಡಿದು ಬಂದವನನ್ನು ಕಟ್ಟೆಯ ಕೆಳಗೇ ನಿಲ್ಲಿಸುತ್ತೇವೆ. ಬಿಟ್ಟು ಬಂದವನನ್ನೂ ನಂಬದೆ ಅಲ್ಲೇ ನಿಲ್ಲಿಸುತ್ತೇವೆ. ನನಗೆ ಸಿಟ್ಟು ಬರುವುದು ಇದಕ್ಕೇ. ಜಾತ್ರೆಯಲ್ಲಂತೂ ಕರಡಿಮಜಲು ವಾದ್ಯದವರಿಗೆ ಕುಡಿಸಿಯೇ ಬಾರಿಸಲು ಹಚ್ಚುವ ದೊಡ್ಡ ಮನುಷ್ಯರನ್ನು ಕಂಡಿದ್ದೇನೆ.

ಪುಣೆಯಲ್ಲಿ ಹಾಡಿಸುವ ಅಕ್ಕ ಅವನಿಗೆ ಮೊದಲು ಕೇಳಿದ್ದು, ಕುಡಿಯುವಾಗ ಯಾವ ಹಾಡು ಹಚ್ಚುತ್ತಿದ್ದೆ ಎಂದು. ಅವು ಅಲ್ಲಿ ಬೇಡ, ಹಳೆಯ ಚಟವನ್ನು ಕೆರಳಿಸುತ್ತವೆ. ಕುಡಿಯಬೇಕೆಂಬ ಚಡಪಡಿಕೆ ಏರಿ ಇಳಿಯಲು ಬಹಳ ಸಲ ಅರ್ಧ ತಾಸು ಸಾಕು. ಅಷ್ಟು ಹೊತ್ತು ಕೈ, ಬಾಯಿ, ಕಿವಿ ಮೂರಕ್ಕೂ ಕೆಲಸ ಬೇಕು. ಮೆಚ್ಚಿನ ಸಂಗೀತ ಕೇಳುವಾಗ ಮಿದುಳಿನಲ್ಲಿ ಡೋಪಮಿನ್ ಎಂಬ ಖುಷಿಯ ರಾಸಾಯನಿಕ ಬಿಡುಗಡೆಯಾಗುತ್ತದೆ ಎಂದು 2011ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ತೋರಿಸಿದರು. ಹೆಂಡ ಎಬ್ಬಿಸುವುದೂ ಅದನ್ನೇ.

ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರಲ್ಲಿ ಚಟಗಳನ್ನೇ ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ನಮ್ಮಲ್ಲಿ ವ್ಯಸನಮುಕ್ತ ದಿನ. ಜೋಳಿಗೆಗೆ ಚಟ ಹಾಕಿದವನ ಮರುದಿನದ ಸಂಜೆಯನ್ನು ನೋಡಿಕೊಳ್ಳಬೇಕಾದವರು ಊರವರು.

ಹಾಡಷ್ಟೇ ಸಾಲದು, ಒಪ್ಪುತ್ತೇನೆ. ವರ್ಷಗಟ್ಟಲೆ ಕುಡಿದವನು ಒಮ್ಮೆಲೆ ಬಿಟ್ಟರೆ ಫಿಟ್ಸ್ ಬರಬಹುದು. ಮೊದಲು ಡಾಕ್ಟರು, ಆಮೇಲೆ ಢೋಲಕಿ. ಪುಣೆಯಲ್ಲಿ ದುಡ್ಡು ಕಟ್ಟಬೇಕು, ಮನೆಗೆ ಹೊರಟ ದಿನ ಆ ಗುಂಪೂ ಮುಗಿಯಿತು. ನಮ್ಮ ಭಜನಿ ಮೇಳ ಪೈಸೆ ಕೇಳದೆ ಕೊನೆತನಕ ಜೊತೆಗಿರುತ್ತದೆ. ಮಠದ ಹಿರಿಯರಿಗೆ ಫೋನ್ ಮಾಡಿ ಹೊತ್ತು ಬದಲಿಸಿರೆಂದೆ. "ಹೊಲದಿಂದ ಬಂದು, ಹೈನಾ ಹಿಂಡಿ, ಉಂಡು ಬರೂದ್ರಾಗ ಒಂಬತ್ತ ಆಗತೈತ್ರಿ" ಅಂದರು. ಅದೂ ಖರೆ. ಹಾಗಾದರೆ ಮೇಳವೆಲ್ಲ ಬೇಡ. ದಿನಾ ಏಳಕ್ಕೆ ಇಬ್ಬರು ಕೂಡಲಿ, ಅವರಲ್ಲೊಬ್ಬರು ಮಾವನ ಮಗನ ಮನೆಗೆ ಹೋಗಿ ಕರೆದುಕೊಂಡು ಬರಲಿ.