ಫೆಂಡರ್ ಮಡಚೋದಕ್ಕೆ ಮೊದಲು ಸ್ಪ್ರಿಂಗ್ ಬಿಚ್ಚಿ ನೋಡಿ

"ಎಷ್ಟು ಅಗಲದ ಟೈರ್ ಕೂರುತ್ತೆ?" ನನ್ನ ಕಾರಿನ ಫೋಟೊ ಹಾಕಿದಾಗಲೆಲ್ಲ ಬರೋ ಮೊದಲ ಪ್ರಶ್ನೆ ಇದು. ಕೇಳೋದು ತಪ್ಪಲ್ಲ, ಕೇಳೋ ಕ್ರಮ ತಪ್ಪು ಅನ್ನೋದು ನನ್ನ ವಾದ. ಟೈರ್ ಅಗಲ ಕೊನೆಗೆ ತೀರ್ಮಾನ ಆಗಬೇಕಾದ ವಿಷಯ. ಅದಕ್ಕೂ ಮೊದಲು ರಿಮ್ ಎಷ್ಟು ಅಗಲ, ಅದರ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ, ಎಷ್ಟು ಹೊರಗೆ ಕೂರುತ್ತೆ ಅನ್ನೋ ಅಳತೆ) ಎಷ್ಟು, ಚಕ್ರ ಪೂರ್ತಿ ಮೇಲಕ್ಕೆ ಬಂದಾಗ ಒಳಗೆ ಏನೇನು ಅಡ್ಡ ಇದೆ ಅನ್ನೋದು ಗೊತ್ತಾಗಬೇಕು. ಈ ಮೂರಕ್ಕೂ ಉತ್ತರ ಸಿಕ್ಕಿದರೆ ಟೈರ್ ಸೈಜ್ ತಾನೇ ಹೊರಬೀಳುತ್ತೆ.

ಇದನ್ನು ನಾನು ಕಲಿತದ್ದು ಒಂದು ಹೊಸ ಟೈರ್ ಹಾಳು ಮಾಡಿಕೊಂಡು.

ನನ್ನ ಕಾರು ಕಂಪನಿಯಿಂದ ಬಂದಾಗ ಇದ್ದದ್ದು ಆರೂವರೆ ಇಂಚು ಅಗಲದ ರಿಮ್, ಆಫ್‌ಸೆಟ್ 45, ಟೈರ್ 205/55 ಆರ್ 16 (ಹೆಸರಿಗೆ ಅಗಲ 205 ಮಿ.ಮೀ., ಪಕ್ಕದ ಎತ್ತರ ಅದರ ಶೇ. 55, ರಿಮ್ ವ್ಯಾಸ 16 ಇಂಚು). ಟ್ರ್ಯಾಕ್ ಹುಚ್ಚು ಹಿಡಿದ ಮೇಲೆ ಎಂಟು ಇಂಚಿನ ರಿಮ್‌ಗೆ 225/45 ಆರ್ 17 ಸೆಮಿ ಸ್ಲಿಕ್ (ಗೆರೆ ಕಡಿಮೆ ಇರೋ ಟ್ರ್ಯಾಕ್ ಟೈರ್) ತಂದೆ. ಹಾಕಿಕೊಟ್ಟವರು ಟೈರ್‌ಗೂ ಫೆಂಡರ್‌ಗೂ (ಚಕ್ರದ ಮೇಲೆ ಕಮಾನಾಗಿರೋ ಬಾಡಿ ತಗಡು) ಮಧ್ಯೆ ಎರಡು ಬೆರಳು ತೂರಿಸಿ, "ನೋಡಿ ಸಾರ್, ಆರಾಮಾಗಿ ಕೂತಿದೆ" ಅಂದರು. ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದೆವು. ಎಲ್ಲೂ ತಾಗಲಿಲ್ಲ. ಖುಷಿಯಾಗಿ ಮನೆಗೆ ಬಂದೆ.

ಟ್ರ್ಯಾಕ್‌ನಲ್ಲಿ ಮೂರನೇ ಸುತ್ತು. ಜೋರಾದ ಎಡ ತಿರುವು, ಮಧ್ಯೆ ಒಂದು ಸಣ್ಣ ಉಬ್ಬು. ಬಲಗಡೆ ಮುಂದಿನ ಚಕ್ರದಿಂದ 'ಝರ್‍ರ್' ಅಂತ ಸದ್ದು, ಹಿಂದೆಯೇ ಸುಟ್ಟ ರಬ್ಬರ್ ವಾಸನೆ. ಪಿಟ್‌ಗೆ ಬಂದು ಕುಕ್ಕರಗಾಲಲ್ಲಿ ಕೂತು ನೋಡಿದರೆ ಟೈರ್‌ನ ಹೊರಭುಜದ ಮೇಲೆ ಸುತ್ತಲೂ ಒಂದೇ ಒಂದು ಗೆರೆ. ದಾರ ಕಟ್ಟಿ ಬಿಗಿದ ಹಾಗೆ, ತೆಳ್ಳಗೆ, ನೆಟ್ಟಗೆ. ಫೆಂಡರ್ ಅಂಚು ತಾಗಿದ್ದರೆ ಗುರುತು ಅಗಲವಾಗಿ ಒರಟಾಗಿ ಇರಬೇಕಿತ್ತು. ಟಾರ್ಚ್ ಹಿಡಿದು ಹುಡುಕಿದಾಗ ಕಳ್ಳ ಸಿಕ್ಕ. ಮುಂದಿನ ಬಂಪರ್ ಫೆಂಡರ್‌ಗೆ ಸೇರೋ ಮೂಲೆಯಲ್ಲಿ ಒಂದು ಸ್ಕ್ರೂ. ಅದರ ಮೊನೆ ನೇರವಾಗಿ ಟೈರ್ ಕಡೆಗೆ ಮುಖ ಮಾಡಿತ್ತು. ಕಂಪನಿ ಟೈರ್ ಅಲ್ಲಿಗೆ ಎಂದೂ ಬರೋದಿಲ್ಲ, ಹಾಗಾಗಿ ಆ ಮೊನೆ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ತುಂಬಾ ಕಾರುಗಳಲ್ಲಿ ಅದೇ ಮೂಲೆಯಲ್ಲಿ ಅಂಥದ್ದೇ ಸ್ಕ್ರೂ ಇಲ್ಲವೇ ಪ್ಲಾಸ್ಟಿಕ್ ಕಿವಿ ಇರುತ್ತೆ. ಬೇರೆ ಏನೂ ಮಾಡದಿದ್ದರೂ ಇವತ್ತೇ ಹೋಗಿ ಅದನ್ನೊಮ್ಮೆ ನೋಡಿ.

ನಿಂತ ಕಾರು ಸುಳ್ಳು ಹೇಳುತ್ತೆ. ಅದರಲ್ಲಿ ಸಸ್ಪೆನ್ಶನ್ ಅರ್ಧ ದಾರಿಯಲ್ಲಿರುತ್ತೆ, ಬುಷ್‌ಗಳ (ಸಸ್ಪೆನ್ಶನ್ ಕೀಲುಗಳ ರಬ್ಬರ್) ಮೇಲೆ ಪಕ್ಕದಿಂದ ಒತ್ತಡ ಇರೋದಿಲ್ಲ, ಟೈರ್ ಬಾಗಿರೋದಿಲ್ಲ. ತಿರುವಿನಲ್ಲಿ ಇದೆಲ್ಲ ಒಟ್ಟಿಗೆ ಆಗುತ್ತೆ. ಎರಡು ಬೆರಳ ಲೆಕ್ಕ ಅಲ್ಲಿ ನಡೆಯೋದಿಲ್ಲ.

ಈಗ ನಾನು ಮಾಡೋದು ಹೀಗೆ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಕಂಬ) ಹೊರತೆಗೆದು ಸ್ಪ್ರಿಂಗ್ ಬಿಚ್ಚುತ್ತೇನೆ. (ಸ್ಪ್ರಿಂಗ್ ಕಂಪ್ರೆಸರ್ ಜೊತೆ ಹುಡುಗಾಟ ಬೇಡ. ಅದು ಚಿಮ್ಮಿದರೆ ಮುಖ ಉಳಿಯೋದಿಲ್ಲ. ಅಭ್ಯಾಸ ಇಲ್ಲದಿದ್ದರೆ ಗೊತ್ತಿರೋರ ಕೈಯಲ್ಲಿ ಬಿಚ್ಚಿಸಿ.) ಬಂಪ್ ಸ್ಟಾಪ್ (ಚಕ್ರ ಮೇಲೆ ಬರೋದನ್ನು ಕೊನೆಗೆ ತಡೆಯೋ ರಬ್ಬರ್) ಮಾತ್ರ ಹಾಗೇ ಇಟ್ಟು, ಸ್ಪ್ರಿಂಗ್ ಇಲ್ಲದ ಸ್ಟ್ರಟ್ಟನ್ನು ವಾಪಸ್ ಕೂರಿಸಿ ಚಕ್ರ ಹಾಕುತ್ತೇನೆ. ಆಮೇಲೆ ಲೋವರ್ ಆರ್ಮ್ (ಚಕ್ರವನ್ನು ಕೆಳಗಿಂದ ಹಿಡಿದಿರೋ ತೋಳು) ಕೆಳಗೆ ಜಾಕ್ ಇಟ್ಟು, ಬಂಪ್ ಸ್ಟಾಪ್ ಪೂರ್ತಿ ಒತ್ತಿಕೊಳ್ಳುವವರೆಗೆ ನಿಧಾನವಾಗಿ ಎತ್ತುತ್ತೇನೆ. ಐದು ಮಿ.ಮೀ. ಎತ್ತು, ಸ್ಟೀರಿಂಗ್ ತುದಿಯಿಂದ ತುದಿಗೆ ತಿರುಗಿಸು, ಕೈಯಲ್ಲಿ ಚಕ್ರ ಸುತ್ತಿಸು, ಮತ್ತೆ ಐದು ಮಿ.ಮೀ. ಎತ್ತು. ಅರ್ಧ ದಿನದ ಕೆಲಸ. ಒಳಗಿನ ಲೈನರ್ (ಫೆಂಡರ್ ಒಳಗಿನ ಪ್ಲಾಸ್ಟಿಕ್ ಹೊದಿಕೆ) ಮೇಲೆ, ಸ್ಟ್ರಟ್ ಮೇಲೆ, ಬ್ರೇಕ್ ಹೋಸ್ ಹತ್ತಿರ ಮಕ್ಕಳು ಗೊಂಬೆ ಮಾಡೋ ಬಣ್ಣದ ಕ್ಲೇ ಅಂಟಿಸಿರುತ್ತೇನೆ. ಟೈರ್ ಅದನ್ನು ಒತ್ತಿ ತೆಳ್ಳಗೆ ಮಾಡಿದ ಜಾಗದಲ್ಲಿ ಸ್ಕೇಲ್ ಚುಚ್ಚಿದರೆ ಎಷ್ಟು ಗ್ಯಾಪ್ ಉಳಿದಿದೆ ಅಂತ ಗೊತ್ತಾಗುತ್ತೆ. ಸ್ಟ್ರಟ್ ಕಡೆ ಐದು ಮಿ.ಮೀ. ಸಿಕ್ಕರೆ ನಾನು ಒಪ್ಪುತ್ತೇನೆ. ಯಾಕಂದ್ರೆ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಚಕ್ರ ಮತ್ತು ಸ್ಟ್ರಟ್ ಎರಡೂ ಒಟ್ಟಿಗೇ ಚಲಿಸುತ್ತವೆ, ನಡುವಿನ ಅಂತರ ಹೆಚ್ಚು ಬದಲಾಗೋದಿಲ್ಲ. ಫೆಂಡರ್ ಕಡೆ ಅಷ್ಟು ಸಾಲದು, ಅಲ್ಲಿ ಎಲ್ಲವೂ ಕುಣಿಯುತ್ತೆ.

ಇನ್ನು ಲೆಕ್ಕ. ಇದನ್ನು ಮಾತ್ರ ಸ್ವಲ್ಪ ತಾಳ್ಮೆಯಿಂದ ಓದಿ. ಇಲ್ಲೇ ಎಲ್ಲರೂ ಎಡವೋದು.

ಆಫ್‌ಸೆಟ್ ಅಂದ್ರೆ ರಿಮ್‌ನ ಮಧ್ಯಗೆರೆಗೂ ಅದು ಹಬ್‌ಗೆ (ಚಕ್ರ ಬಿಗಿಯೋ ಭಾಗ) ಕೂರೋ ಮುಖಕ್ಕೂ ಇರೋ ಅಂತರ, ಮಿ.ಮೀ. ಲೆಕ್ಕದಲ್ಲಿ. ರಿಮ್ ಮೇಲೆ ಇಟಿ 45 ಅಂತ ಅಚ್ಚಾಗಿರೋದು ಇದೇ. ಆ ಸಂಖ್ಯೆ ಕಡಿಮೆ ಆದಷ್ಟೂ ಚಕ್ರ ಹೊರಗೆ ಸರಿಯುತ್ತೆ. ನನ್ನ ಹೊಸ ರಿಮ್ ಎಂಟು ಇಂಚು, ಇಟಿ 40. ಒಂದೂವರೆ ಇಂಚು ಅಂದ್ರೆ 38 ಮಿ.ಮೀ. ಜಾಸ್ತಿ ಅಗಲ, ಒಂದೊಂದು ಬದಿಗೆ 19. ಐದು ಮಿ.ಮೀ. ಹೊರಗೆ ಸರಿದಿದೆ. ಅಲ್ಲಿಗೆ ರಿಮ್ ಅಂಚು ಹೊರಗಡೆ 24, ಒಳಗಡೆ 14 ಮಿ.ಮೀ. ಮುಂದೆ ಬಂತು. ಇಷ್ಟನ್ನು ಯಾವ ಆನ್‌ಲೈನ್ ಕ್ಯಾಲ್ಕುಲೇಟರ್ ಬೇಕಾದರೂ ಹೇಳುತ್ತೆ.

ಆದರೆ ಟೈರ್ ಅಷ್ಟು ಸರಿದಿಲ್ಲ! ಹಳೆ ಆರೂವರೆ ರಿಮ್‌ನ ಮೇಲೆ 205 ಟೈರ್ ಸುಮಾರು 214 ಮಿ.ಮೀ. ಅಗಲಕ್ಕೆ ಹೊಟ್ಟೆ ಬಿಟ್ಟುಕೊಂಡು ಕೂತಿತ್ತು, ಸೈಡ್‌ವಾಲ್ ರಿಮ್ ಅಂಚಿಗಿಂತ ಹೊರಗೆ ಉಬ್ಬಿತ್ತು. ಹೊಸ 225 ಟೈರ್ ಎಂಟು ಇಂಚಿನ ಮೇಲೆ ಸುಮಾರು 230 ಮಿ.ಮೀ. ಅಗಲಕ್ಕೆ ಹರಡುತ್ತೆ, ಸೈಡ್‌ವಾಲ್ ನೆಟ್ಟಗೆ ನಿಲ್ಲುತ್ತೆ. ಟೈರ್ ಅಗಲದ ಮೇಲೆ ಲೆಕ್ಕ ಹಾಕಿದರೆ ಹೊರಗಡೆ ಹದಿಮೂರು, ಒಳಗಡೆ ಬರೀ ಮೂರು ಮಿ.ಮೀ. ಹಾಗಾಗಿ ನಿಮ್ಮ ಸ್ಟ್ರಟ್‌ಗೆ ಹತ್ತಿರ ಇರೋದು ರಿಮ್ ಅಂಚೋ ಟೈರ್ ಭುಜವೋ ಅಂತ ಮೊದಲು ನೋಡಬೇಕು. ಸ್ಪ್ರಿಂಗ್ ಕೂರೋ ತಟ್ಟೆ ಟೈರ್ ಪಕ್ಕದಲ್ಲಿದ್ದರೆ ಒಂದು ಉತ್ತರ, ಟೈರ್‌ಗಿಂತ ಮೇಲಿದ್ದರೆ ಇನ್ನೊಂದು. ಕ್ಯಾಲ್ಕುಲೇಟರ್‌ಗೆ ನಿಮ್ಮ ಸ್ಟ್ರಟ್ ಗೊತ್ತಿಲ್ಲ, ಪಾಪ.

ನನ್ನ ಪಕ್ಷಪಾತ ಇಲ್ಲೇ ಹೇಳಿಬಿಡುತ್ತೇನೆ. ಒಳಗಿನ ಜಾಗ ಪೂರ್ತಿ ಬಳಸಿ ಮುಗಿಸೋ ತನಕ ಫೆಂಡರ್ ಮುಟ್ಟಬಾರದು. ಜನ ಉಲ್ಟಾ ಮಾಡ್ತಾರೆ. ಕಡಿಮೆ ಆಫ್‌ಸೆಟ್ ರಿಮ್ ತಂದು ಚಕ್ರ ಹೊರಗೆ ತಳ್ಳುತ್ತಾರೆ, ಆಮೇಲೆ ಫೆಂಡರ್ ಬಗ್ಗಿಸುತ್ತಾರೆ. ಒಳಗೆ ಹದಿನೈದು ಮಿ.ಮೀ. ಖಾಲಿ ಬಿದ್ದಿರುತ್ತೆ. ಚಕ್ರ ಹೊರಗೆ ಹೋದಷ್ಟೂ ಬ್ರೇಕ್ ಹಿಡಿದಾಗ, ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಕೈ ಜಗ್ಗುತ್ತೆ. ಬೇರಿಂಗ್ ಮೇಲೂ ಭಾರ ಏರುತ್ತೆ. ನೋಡೋಕೆ ಚೆನ್ನಾಗಿರುತ್ತೆ, ಒಪ್ಪಿದೆ. ಲ್ಯಾಪ್ ಟೈಮ್‌ಗೆ ಅಂದ ಚಂದ ಗೊತ್ತಾಗೋದಿಲ್ಲ.

ಎರಡನೇ ಪಕ್ಷಪಾತ: ಟೈರ್ ಅಗಲ ಮಾಡೋ ಬದಲು ರಿಮ್ ಅಗಲ ಮಾಡಿ. ಗೆಳೆಯನೊಬ್ಬ ಏಳು ಇಂಚಿನ ರಿಮ್‌ಗೆ 245 ಟೈರ್ ತುರುಕಿದ್ದ. 245/40 ಆರ್ 17ಕ್ಕೆ ಕನಿಷ್ಠ ಎಂಟು ಇಂಚು ಬೇಕು ಅಂತ ಟೈರ್ ತಯಾರಿಸೋರೇ ಹೇಳ್ತಾರೆ. ಕಿರಿದಾದ ರಿಮ್‌ನಲ್ಲಿ ಟೈರ್ ಬಲೂನ್ ಥರ ಉಬ್ಬುತ್ತೆ, ನೆಲಕ್ಕೆ ತಾಗೋ ಭಾಗ ಕಮಾನಾಗುತ್ತೆ, ತಿರುವಿನಲ್ಲಿ ರಿಮ್ ಒಂದು ಕಡೆ ಹೋದರೆ ಟೈರ್ ಇನ್ನೊಂದು ಕಡೆ. ಅವನ ಕಾರು ಓಡಿಸಿ ಇಳಿದಾಗ ಮಂಚದ ಮೇಲೆ ನಿಂತು ಬಸ್ ಓಡಿಸಿದ ಹಾಗಿತ್ತು. ಅದೇ ಕಾರಿಗೆ ಎಂಟು ಇಂಚಿನ ರಿಮ್ ಮೇಲೆ 225 ಹಾಕಿಸಿದೆವು. ಟೈರ್ ಕಿರಿದಾಯ್ತು, ಕಾರು ಚುರುಕಾಯ್ತು.

ಅಗಲದ ಟೈರ್ ಹಾಕಿದರೆ ನೆಲಕ್ಕೆ ತಾಗೋ ಜಾಗ ಅಷ್ಟೇ ಪಾಲು ಜಾಸ್ತಿ ಆಗುತ್ತೆ ಅಂತ ಒಂದು ನಂಬಿಕೆ ಇದೆ. ಹಾಗಲ್ಲ. ಒಂದು ಚಕ್ರದ ಮೇಲೆ 300 ಕೆ.ಜಿ. ಭಾರ, ಒಳಗೆ 2 ಬಾರ್ ಗಾಳಿ ಇದ್ದರೆ ತಾಗೋ ಜಾಗ ಹೆಚ್ಚುಕಡಿಮೆ 147 ಚದರ ಸೆಂ.ಮೀ. ಟೈರ್ ಅಗಲ ಏನೇ ಇರಲಿ, ಆ ಲೆಕ್ಕ ಹೆಚ್ಚು ಆಚೀಚೆ ಆಗೋದಿಲ್ಲ. ಬದಲಾಗೋದು ಆಕಾರ. ಉದ್ದ ಕಡಿಮೆಯಾಗಿ ಅಡ್ಡ ಜಾಸ್ತಿ ಆಗುತ್ತೆ, ತಿರುವಿನಲ್ಲಿ ಆ ಆಕಾರವೇ ಒಳ್ಳೆಯದು. ಜೊತೆಗೆ ಬಿಸಿ ಹಂಚಿಕೊಳ್ಳೋಕೆ ರಬ್ಬರ್ ಜಾಸ್ತಿ ಇರುತ್ತೆ, ಹತ್ತು ಸುತ್ತು ಹೊಡೆದರೂ ಟೈರ್ ಬೇಗ ಸೋಲೋದಿಲ್ಲ. ಪುಟ್ಟ ಎಂಜಿನ್‌ನ ಕಾರಿಗೆ ಮಾತ್ರ ತೂಕದ ಟೈರ್, ಗಾಳಿಯ ತಡೆ ಎರಡೂ ಹೊರೆ. ನೇರ ದಾರಿಯಲ್ಲಿ ಕಳೆದುಕೊಂಡದ್ದು ತಿರುವಿನಲ್ಲಿ ವಾಪಸ್ ಬರುತ್ತೆ ಅಂತ ಗ್ಯಾರಂಟಿ ಇಲ್ಲ.

ಟ್ರ್ಯಾಕ್ ಟೈರ್‌ಗಳ ಇನ್ನೊಂದು ಗುಟ್ಟು ಅವುಗಳ ಭುಜ. ರಸ್ತೆ ಟೈರ್‌ನ ಭುಜ ಇಳಿಜಾರು, ಸೆಮಿ ಸ್ಲಿಕ್‌ನ ಭುಜ ಪೆಟ್ಟಿಗೆಯ ಮೂಲೆಯ ಹಾಗೆ ಚೌಕ. ಟೈರ್ ಮೇಲೆ ಎರಡಕ್ಕೂ 225 ಅಂತಲೇ ಇರುತ್ತೆ. ಫೆಂಡರ್ ಅಂಚು ಹುಡುಕಿಕೊಂಡು ಬರೋದು ಆ ಮೂಲೆಯನ್ನೇ. ಒಂದೇ ಸೈಜಿನ ಟೈರ್ ಒಬ್ಬರ ಬ್ರ್ಯಾಂಡ್‌ನಲ್ಲಿ ತಾಗದೆ ಇನ್ನೊಬ್ಬರದರಲ್ಲಿ ತಾಗೋದು ಇದಕ್ಕೇ. ಸೈಜ್ ನೋಡಬೇಡಿ. ತಯಾರಕರ ಪಟ್ಟಿಯಲ್ಲಿ ಸೆಕ್ಷನ್ ಅಗಲ (ಪಕ್ಕದಿಂದ ಪಕ್ಕಕ್ಕೆ), ಟ್ರೆಡ್ ಅಗಲ (ನೆಲಕ್ಕೆ ತಾಗೋ ಪಟ್ಟಿ), ಯಾವ ರಿಮ್ ಮೇಲೆ ಅಳೆದದ್ದು ಅಂತ ಕೊಟ್ಟಿರ್ತಾರೆ, ಅದನ್ನು ನೋಡಿ. ರಿಮ್ ಅರ್ಧ ಇಂಚು ಅಗಲವಾದರೆ ಟೈರ್ ಸುಮಾರು ಐದು ಮಿ.ಮೀ. ಹರಡುತ್ತೆ. ಟೈರ್ ಎಷ್ಟು ಬೇಗ ಸವೆಯುತ್ತೆ ಅಂತ ಹೇಳೋ ಟ್ರೆಡ್‌ವೇರ್ 200 ಅನ್ನೋ ಸಂಖ್ಯೆಯನ್ನೂ ವೇದವಾಕ್ಯ ಮಾಡಿಕೊಳ್ಳಬೇಡಿ. ಅದನ್ನು ಕೊಡೋದು ಟೈರ್ ಮಾಡೋ ಕಂಪನಿಯೇ.

ಇಷ್ಟೆಲ್ಲ ಆದ ಮೇಲೂ ಹೊರಗಡೆ ತಾಗಿದರೆ? ಮೊದಲು ಕ್ಯಾಂಬರ್. ಚಕ್ರವನ್ನು ಒಂದು ಡಿಗ್ರಿ ಒಳಕ್ಕೆ ವಾಲಿಸಿದರೆ ನನ್ನ ಸೈಜಿನ ಟೈರ್‌ನಲ್ಲಿ ಮೇಲ್ತುದಿ ಕೆಳತುದಿಗಿಂತ 11 ಮಿ.ಮೀ. ಒಳಗೆ ಬರುತ್ತೆ. ಟ್ರ್ಯಾಕ್‌ಗೆ ಹೇಗೂ ಕ್ಯಾಂಬರ್ ಬೇಕು, ಜಾಗ ಪುಕ್ಕಟೆ ಸಿಕ್ಕಿದ ಹಾಗೆ. ಆದರೆ ಟೈರ್ ತೂರಿಸೋಕೆ ಅಂತಲೇ ಐದಾರು ಡಿಗ್ರಿ ವಾಲಿಸೋದು ಕೆಟ್ಟ ಕೆಲಸ. ಅಗಲದ ಟೈರ್ ತಂದು ಅದರ ಒಳ ಅಂಚಿನ ಮೇಲೆ ಮಾತ್ರ ಓಡಿಸೋ ಭಾಗ್ಯಕ್ಕೆ ಹಳೆ ಟೈರೇ ಸಾಕಿತ್ತು, ಅಲ್ವಾ?

ಆಮೇಲೆ ಫೆಂಡರ್ ಅಂಚು ಮಡಚೋದು. ಹಬ್‌ಗೆ ರೋಲರ್ ಬಿಗಿದು, ಬಣ್ಣಕ್ಕೆ ಹೀಟ್ ಗನ್‌ನಿಂದ ಬಿಸಿ ಕೊಡುತ್ತಾ, ಒಳಮಡಿಕೆಯನ್ನು ಸ್ವಲ್ಪಸ್ವಲ್ಪವೇ ಮೇಲಕ್ಕೆ ಒತ್ತಬೇಕು. ಮುಂದಿನ ಫೆಂಡರ್ ಬೋಲ್ಟ್ ಹಾಕಿದ ತಗಡು, ಕೆಟ್ಟರೆ ಬದಲಿಸಬಹುದು. ಹಿಂದಿನದು ಬಾಡಿಗೇ ವೆಲ್ಡ್ ಆಗಿರುತ್ತೆ, ಒಳಗಿನ ತಗಡೂ ಹೊರಗಿನದೂ ಸೇರೋ ಜಾಗ ಅದು. ಅಲ್ಲಿನ ಸೀಲೆಂಟ್ ಬಿರುಕು ಬಿಟ್ಟರೆ ನೀರು ಇಳಿದು ಒಳಗಿಂದ ತುಕ್ಕು ಹಿಡಿಯುತ್ತೆ, ಹೊರಗೆ ಕಾಣೋ ಹೊತ್ತಿಗೆ ತಡವಾಗಿರುತ್ತೆ. ಮಡಚಿದ ದಿನವೇ ಹೊಸ ಸೀಲೆಂಟ್ ಬಳಿಯಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಇಲ್ಲಿ ಹಾಸಿಗೆಯನ್ನೇ ಎಳೆದು ಉದ್ದ ಮಾಡೋರೂ ಇದ್ದಾರೆ. ಫೆಂಡರನ್ನು ಹೊರಗೆ ಎಳೆಯೋದು ನನ್ನ ಕೈಲಾಗದ ಕೆಲಸ. ಅದು ಟಿಂಕರಿಂಗ್‌ನವರ ಕೈಚಳಕ.

ಕಾರ್ಖಾನೆಗಳೂ ಇದೇ ಗೋಡೆಗೆ ಹಣೆ ಚಚ್ಚಿಕೊಂಡಿವೆ. 1986ರ ಬಿಎಂಡಬ್ಲ್ಯು ಎಂ3ಗೆ ರೇಸ್ ಚಕ್ರಗಳು ಹಿಡಿಸಬೇಕು ಅಂತ ಫೆಂಡರ್‌ಗಳನ್ನೇ ಪೆಟ್ಟಿಗೆಯಂತೆ ಉಬ್ಬಿಸಿದರು. ಇನ್ನೊಂದು ಕಡೆ ಮೊದಲ ತಲೆಮಾರಿನ ಮಜ್ದಾ ಮಿಯಾಟಾ. ಶುರುವಿನಲ್ಲಿ ಅದಕ್ಕಿದ್ದದ್ದು ಐದೂವರೆ ಇಂಚಿನ ರಿಮ್, 185/60 ಆರ್ 14 ಟೈರ್. ಇವತ್ತು ಅದೇ ಬಾಡಿಯ ಕೆಳಗೆ ಒಂಬತ್ತು ಇಂಚಿನ ರಿಮ್, 225/45 ಆರ್ 15 ಹಾಕಿ ಓಡಿಸೋರು ಎಷ್ಟೋ ಜನ. ಸರಿಯಾದ ಆಫ್‌ಸೆಟ್, ಸಣ್ಣ ವ್ಯಾಸದ ಸ್ಪ್ರಿಂಗ್, ಸಾಕಷ್ಟು ಕ್ಯಾಂಬರ್, ಮಡಚಿದ ಅಂಚು. ಹೊರಗೆ ನಿಂತು ನೋಡಿದರೆ ಕಂಪನಿ ಕಾರೇ. ನನಗೆ ಈ ಜಾಣತನ ಇಷ್ಟ. ಸ್ಕ್ರೂ ಹೊಡೆದು ಅಂಟಿಸಿದ ಪ್ಲಾಸ್ಟಿಕ್ ಫ್ಲೇರ್‌ಗಳು (ಫೆಂಡರ್ ಅಗಲ ಮಾಡೋ ಪಟ್ಟಿಗಳು) ಅಷ್ಟಕ್ಕಷ್ಟೆ.

ಸ್ಪೇಸರ್ (ಹಬ್‌ಗೂ ರಿಮ್‌ಗೂ ಮಧ್ಯೆ ಇಡೋ ಬಿಲ್ಲೆ) ಬಗ್ಗೆ ಒಂದೇ ಮಾತು. ಐದು ಮಿ.ಮೀ. ಸ್ಪೇಸರ್ ಹಾಕಿ ಹಳೆ ಬೋಲ್ಟೇ ಬಿಗಿದರೆ ಐದು ಮಿ.ಮೀ. ಹಿಡಿತ ಹೋಯ್ತು ಅಂತಲೇ ಅರ್ಥ. ಬೋಲ್ಟ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದದ ಥ್ರೆಡ್ ಕಚ್ಚಿಕೊಳ್ಳಬೇಕು. 12 ಮಿ.ಮೀ. ಬೋಲ್ಟ್, 1.5 ಪಿಚ್ (ಒಂದು ಸುತ್ತಿಗೆ 1.5 ಮಿ.ಮೀ. ಒಳಗೆ ಹೋಗುತ್ತೆ) ಆದರೆ ಎಂಟು ಸುತ್ತು. ಬಿಗಿಯುವಾಗ ಎಣಿಸಿ.

ಇನ್ನು ನನ್ನ ಕಾರು. ಆ ಸ್ಕ್ರೂ ತೆಗೆದು ಗಿಡ್ಡ ಬೋಲ್ಟನ್ನು ಉಲ್ಟಾ ಹಾಕಿದೆ, ಈಗ ಟೈರ್ ಕಡೆಗಿರೋದು ಚಪ್ಪಟೆ ತಲೆ. ಲೈನರ್‌ನಲ್ಲಿ ಒಂದು ಕಡೆ ಬಿಸಿ ಮಾಡಿ ಅಂಗೈಯಷ್ಟು ಜಾಗ ಒಳಕ್ಕೆ ಒತ್ತಿದೆ. ಮುಂದೆ ಎರಡೂವರೆ ಡಿಗ್ರಿ ಕ್ಯಾಂಬರ್. ಫೆಂಡರ್ ಅಂಚು ಕಂಪನಿಯಿಂದ ಬಂದ ಹಾಗೇ ಇದೆ, ಬಣ್ಣಕ್ಕೆ ಒಂದು ಗೀರೂ ಬಿದ್ದಿಲ್ಲ. ಉಬ್ಬುತಗ್ಗಿನ ರಸ್ತೆಯಲ್ಲಿ ಸ್ಟೀರಿಂಗ್ ಗೆರೆ ಹುಡುಕಿಕೊಂಡು ಆಚೀಚೆ ಎಳೆಯುತ್ತೆ, ನಾನು ಸುಳ್ಳು ಹೇಳೋದಿಲ್ಲ. ಕಳೆದ ಬಾರಿ ಟ್ರ್ಯಾಕ್‌ನಿಂದ ಬಂದು ಚಕ್ರ ಬಿಚ್ಚಿದಾಗ ಹಿಂದಿನ ಎಡ ಲೈನರ್ ಮೇಲೆ ಬೆರಳಗಲದ ಹೊಳಪು ಕಾಣಿಸಿತು. ಹೊಸದಾಗಿ ಬುಷ್ ಹಾಕಿಸಿದ ಮೇಲೆ ಬಂದದ್ದು ಅದು. ಈ ಭಾನುವಾರ ಮತ್ತೆ ಸ್ಪ್ರಿಂಗ್ ಬಿಚ್ಚಬೇಕು. ಕ್ಲೇ ಡಬ್ಬಿ ಮಗಳ ಹತ್ತಿರ ಇದೆ, ಅವಳಿನ್ನೂ ಕೊಡ್ತೀನಿ ಅಂದಿಲ್ಲ.